ಪುಂಗ್ಲಿ ಸೇತುವೆಗೆ ಮತ್ತೊಮ್ಮೆ: ಅಪ್ಪನನ್ನು ಟಾಂಗೈಲ್‌ಗೆ ಕರೆದೊಯ್ದ ಕಥೆ

2023ರ ಫೆಬ್ರವರಿ ಕೊನೆಯ ವಾರದಲ್ಲಿ ಎಪ್ಪತ್ಮೂರು ವರ್ಷದ ನನ್ನ ಅಪ್ಪನನ್ನು ಬಾಂಗ್ಲಾದೇಶದ ಟಾಂಗೈಲ್ ಜಿಲ್ಲೆಗೆ ಕರೆದುಕೊಂಡು ಹೋಗಿ ಬಂದೆ. ಅವರು ಅಲ್ಲಿಗೆ ಮೊದಲ ಸಲ ಹೋದದ್ದು 1971ರ ಡಿಸೆಂಬರ್ 11ರ ಸಂಜೆ, ಬಾಂಗ್ಲಾ ವಿಮೋಚನೆಯ ಯುದ್ಧದಲ್ಲಿ, ಭಾರತೀಯ ಸೈನಿಕನಾಗಿ ಪ್ಯಾರಾಚೂಟಿನಲ್ಲಿ ಇಳಿದು. ಈ ಎರಡನೆಯ ಪ್ರಯಾಣದ ತಯಾರಿಗೆ ಏಳು ತಿಂಗಳು ಹಿಡಿಯಿತು, ಅದರಲ್ಲಿ ಸುಮಾರು ನಾಲ್ಕು ತಿಂಗಳು ಅಪ್ಪನ ಹೆಸರು ಮತ್ತು ಹುಟ್ಟಿದ ದಿನಾಂಕ ಯಾವುದೆಂದು ಕಾಗದಗಳಿಗೆ ಒಪ್ಪಿಸುವುದರಲ್ಲೇ ಕಳೆಯಿತು. ನಮ್ಮ ಬೆಳಗಾವಿ, ಧಾರವಾಡ ಸೀಮೆಯಲ್ಲಿ ಆ ಯುದ್ಧ ಕಂಡು ಬಂದವರು ಇನ್ನೂ ಕೆಲವರಿದ್ದಾರೆ. ಅವರ ಮಕ್ಕಳಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಅಪ್ಪ 1968ರಲ್ಲಿ ಬೆಳಗಾವಿಯ ಸೇನಾ ಭರತಿಯಲ್ಲಿ ಆಯ್ಕೆಯಾಗಿ, ಆಗ್ರಾದಲ್ಲಿ ಪ್ಯಾರಾಚೂಟ್ ಜಿಗಿತ ಕಲಿತು, 2 ಪ್ಯಾರಾ ಪಲ್ಟನ್ನಿಗೆ ಸೇರಿದರು. ಅದು ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಮೂಲದ ಪಲ್ಟನ್ನು, ಆದ್ದರಿಂದ ಅದರಲ್ಲಿ ನಮ್ಮ ಗಡಿಭಾಗದ ಕನ್ನಡದ ಹುಡುಗರೂ ಇದ್ದರು. 1971ರಲ್ಲಿ ಜಮಾಲಪುರ ಮತ್ತು ಮೈಮೆನ್‌ಸಿಂಗ್ ಕಡೆಯಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಬ್ರಿಗೇಡನ್ನು ನಡುದಾರಿಯಲ್ಲಿ ತಡೆಯುವುದಕ್ಕಾಗಿ, ಟಾಂಗೈಲ್‌ನ ಉತ್ತರಕ್ಕಿರುವ ಪುಂಗ್ಲಿ ಸೇತುವೆಯನ್ನು ಹಿಡಿಯಬೇಕೆಂದು ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ ನೇತೃತ್ವದ ಈ ಪಲ್ಟನ್ನನ್ನು ಅಲ್ಲಿ ಇಳಿಸಲಾಯಿತು. ಸೇತುವೆ ಅದೇ ರಾತ್ರಿ ಕೈವಶವಾಯಿತು. ಮರುದಿನ ಸಂಜೆ ಉತ್ತರದಿಂದ ಬಂದ 1 ಮರಾಠಾ ಪಲ್ಟನ್ನು ಇವರನ್ನು ಕೂಡಿಕೊಂಡಿತು. ಡಿಸೆಂಬರ್ 16ರ ಬೆಳಿಗ್ಗೆ ಢಾಕಾವನ್ನು ಮೊದಲು ಹೊಕ್ಕ ಭಾರತೀಯ ಪಲ್ಟನ್ನೂ ಅಪ್ಪನ ಈ 2 ಪ್ಯಾರಾ.

ಅಪ್ಪನಿಗೆ ಮಾತ್ರ ಇವೆಲ್ಲಕ್ಕಿಂತ ಹೆಚ್ಚಾಗಿ ನೆನಪಿದ್ದದ್ದು ಒಂದು ಹೊಂಡ. ಅವರು ಇಳಿದದ್ದು ನೆಲಕ್ಕಲ್ಲ, ನೀರಿಗೆ. ಬೆನ್ನು, ಹೊಟ್ಟೆ, ಕಾಲಿಗೆಲ್ಲ ಸಾಮಾನು ಕಟ್ಟಿಕೊಂಡು ಎದೆಮಟ್ಟದ ಕೆಸರಿನಲ್ಲಿ ಸಿಕ್ಕಿಕೊಂಡವರನ್ನು ಲುಂಗಿ ಉಟ್ಟ ಒಬ್ಬ ಮನುಷ್ಯ ಬಿದಿರಿನ ಗಳ ಚಾಚಿ ದಂಡೆಗೆ ಎಳೆದು, ಒಂದು ಮಾತೂ ಆಡದೆ, ಅವರ ಸಾಮಾನಿನ ಗಂಟನ್ನು ತನ್ನ ಹೆಗಲಿಗೇರಿಸಿಕೊಂಡು ಸೇತುವೆಯ ಹಾದಿಯವರೆಗೆ ಹೊತ್ತು ತಂದಿದ್ದನಂತೆ. ನಾವು ಚಿಕ್ಕವರಿದ್ದಾಗ ಈ ಕಥೆಯನ್ನು ನೂರು ಸಲ ಕೇಳಿದ್ದೆವು. ಆದರೆ ಅಲ್ಲಿಗೆ ಹೋಗಬೇಕೆಂದು ಅಪ್ಪ ಬಾಯಿಬಿಟ್ಟು ಹೇಳಿದ್ದು 2022ರ ಜುಲೈನಲ್ಲಿ, ಮೊಣಕಾಲಿನ ಶಸ್ತ್ರಚಿಕಿತ್ಸೆಯ ಮಾತು ಬಂದಾಗ. "ಕಾಲು ಕೊಯ್ಯಾಕಿಂತ ಮೊದಲ ಒಮ್ಮೆ ಹೋಗಿ ಬರೂಣು" ಎಂದರು.

ಮೊದಲು ಕೇಳಿಬರುವ ಸಲಹೆ ಸರಕಾರಿ ತಂಡದಲ್ಲಿ ಹೋಗಿ ಎಂಬುದು. ಡಿಸೆಂಬರ್ 16ರ ವಿಜಯ ದಿನಕ್ಕೆ ನಮ್ಮ ನಿವೃತ್ತ ಯೋಧರ ಒಂದು ತಂಡ ಢಾಕಾಕ್ಕೆ ಹೋಗುವುದೂ, ಅಲ್ಲಿಯ ಮುಕ್ತಿಯೋಧರ (ಬಾಂಗ್ಲಾ ಸ್ವಾತಂತ್ರ್ಯಕ್ಕೆ ಹೋರಾಡಿದವರ) ತಂಡ ಕೋಲ್ಕತ್ತದ ಫೋರ್ಟ್ ವಿಲಿಯಂಗೆ (ಈಗಿನ ವಿಜಯ ದುರ್ಗಕ್ಕೆ) ಬರುವುದೂ ವಾಡಿಕೆಯಲ್ಲಿದೆ. ಅದು ಗೌರವದ ಪ್ರಯಾಣ, ವ್ಯವಸ್ಥೆಯೆಲ್ಲ ಆತಿಥೇಯರದು. ಆದರೆ ತಂಡ ಚಿಕ್ಕದು, ಕಾರ್ಯಕ್ರಮ ಅವರದು. ಹಳ್ಳಿಯ ಹೊಂಡ ಹುಡುಕುತ್ತ ಅಲೆಯಲು ಅಲ್ಲಿ ಪುರುಸೊತ್ತು ಇರಲಾರದು ಎನ್ನಿಸಿ, ಸಾಮಾನ್ಯ ಪ್ರವಾಸಿಗಳಾಗಿಯೇ ಹೋಗಲು ತೀರ್ಮಾನಿಸಿದೆವು. ಹೀಗೆ ಹೋಗಲು ಯಾರ ಆಮಂತ್ರಣವೂ ಬೇಕಾಗಿರಲಿಲ್ಲ.

ಪಾಸ್‌ಪೋರ್ಟಿನಿಂದ ಕಷ್ಟ ಶುರುವಾಯಿತು. ಅಪ್ಪನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಕಪಾಟಿನಿಂದ ಕಾಗದಗಳನ್ನು ತೆಗೆದು ಮಂಚದ ಮೇಲೆ ಹರಡಿದಾಗ ಕಂಡದ್ದೇನೆಂದರೆ, ಶಾಲೆಯ ದಾಖಲೆಯಲ್ಲಿಯೂ ಆಧಾರ್‌ನಲ್ಲಿಯೂ ಅವರ ಹೆಸರು 'ಅಪ್ಪ' ಎಂದು ಮುಗಿಯುತ್ತದೆ. ಸೈನ್ಯದ ಡಿಸ್ಚಾರ್ಜ್ ಬುಕ್ಕಿನಲ್ಲಿ ಮತ್ತು ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಆ 'ಅಪ್ಪ' ಉದುರಿಹೋಗಿ ಅದರ ಜಾಗದಲ್ಲಿ 'ರಾವ್' ಬಂದು ಕುಳಿತಿದೆ. ಭರತಿಯ ದಿನ ಯಾವನೋ ಗುಮಾಸ್ತ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದು, ಐವತ್ತನಾಲ್ಕು ವರ್ಷ ಹಾಗೆಯೇ ನಡೆದುಬಂದಿದೆ. ಇನ್ನು ಜನ್ಮದಿನಾಂಕ: ಶಾಲೆಯಲ್ಲಿಯೂ ಸೈನ್ಯದಲ್ಲಿಯೂ 1949ರ ಜೂನ್ 1, ಆಧಾರ್‌ನಲ್ಲಿ 1949ರ ಜನವರಿ 1. ಆಧಾರ್ ಮಾಡಿಸುವಾಗ ವರ್ಷವನ್ನಷ್ಟೇ ಹೇಳಿದ ಬಹಳ ಜನರಿಗೆ ಜನವರಿ 1 ಬಿದ್ದಿರುತ್ತದೆ, ನಿಮ್ಮ ಮನೆಯ ಹಿರಿಯರದನ್ನು ಒಮ್ಮೆ ತೆಗೆದು ನೋಡಿ.

ನಾವು ಮಾಡಿದ ಕ್ರಮ ಹೀಗಿತ್ತು. ಯಾವ ಹೆಸರಿನಲ್ಲಿ ಪಾಸ್‌ಪೋರ್ಟ್ ಬೇಕು ಎಂದು ಮೊದಲು ನಿರ್ಧರಿಸಿದೆವು, 'ಅಪ್ಪ' ಇರುವ ಹೆಸರನ್ನೇ ಆರಿಸಿಕೊಂಡೆವು. ಬಳಿಕ ಊರಿನ ಪ್ರಾಥಮಿಕ ಶಾಲೆಗೆ ಹೋಗಿ ದಾಖಲಾತಿ ಪುಸ್ತಕದಿಂದ ವರ್ಗಾವಣೆ ಪ್ರಮಾಣಪತ್ರವನ್ನು ಮತ್ತೆ ಬರೆಸಿಕೊಂಡು, ಅದರ ಆಧಾರದ ಮೇಲೆ ಆಧಾರ್‌ನ ದಿನಾಂಕ ತಿದ್ದಿಸಿದೆವು. ಮೊದಲ ಅರ್ಜಿ ತಿರಸ್ಕೃತವಾದದ್ದು ನನ್ನ ತಪ್ಪಿನಿಂದಲೇ: ಮಸುಕಾದ ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿಸಿದ್ದೆ. ಮೂಲ ಪ್ರತಿಯೊಂದಿಗೆ ಮತ್ತೆ ಹೋದಾಗ ಕೆಲಸವಾಯಿತು, ಆದರೆ ನಡುವೆ ಐದು ವಾರ ಕಳೆದವು. ಜೊತೆಗೆ, ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಎಂದು ನೋಟರಿಯ ಮುಂದೆ ಒಂದು ಪ್ರಮಾಣಪತ್ರ ಮಾಡಿಸಿಟ್ಟುಕೊಂಡೆವು. ನೋಟರಿ ಅದನ್ನು ಓದಿ ಸಹಿ ಹಾಕಿಸುವಾಗ ಅಪ್ಪ, "ಇಬ್ರೊಳಗ ಜಿಗದಾಂವ ಯಾರು ಅಂತ ಬರದೀರೇನ್ರಿ?" ಎಂದು ಕೇಳಿದರು. ನೋಟರಿ ನಗಲಿಲ್ಲ.

ಪಾಸ್‌ಪೋರ್ಟಿಗೆ ಹಿರಿಯ ನಾಗರಿಕರಿಗೆ ಶುಲ್ಕದಲ್ಲಿ ಶೇಕಡಾ 10 ರಿಯಾಯಿತಿ ಇದೆ, 1,500 ರೂಪಾಯಿಯ ಬದಲು 1,350 ಕಟ್ಟಿದೆವು. ಪೊಲೀಸ್ ಪರಿಶೀಲನೆಗೆ ಠಾಣೆಗೆ ಕರೆಸಿದಾಗ ಅಪ್ಪ ತಮ್ಮ 1971ರ ಯುದ್ಧದ ಪೂರ್ವಿ ಸ್ಟಾರ್ ಪದಕವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅದನ್ನು ಯಾರೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ. ನವೆಂಬರ್ ಮೂರನೆಯ ವಾರ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಆ ವರ್ಷದ ಡಿಸೆಂಬರ್ 11ಕ್ಕೆ ಅಲ್ಲಿರಬೇಕೆಂಬ ಆಸೆ ಅಷ್ಟರಲ್ಲಿ ಕೈಬಿಟ್ಟಿತ್ತು. ಟಾಂಗೈಲ್‌ನವರು ಆ ದಿನವನ್ನು ತಮ್ಮ ಊರಿನ ಮುಕ್ತಿದಿನವಾಗಿ ಆಚರಿಸುತ್ತಾರೆ. ಆ ಹೊತ್ತಿಗೇ ಹೋಗಬೇಕೆನ್ನುವವರು ಯುಗಾದಿಗೇ ಕೆಲಸ ಶುರುಮಾಡುವುದು ಒಳ್ಳೆಯದು.

ಬಾಂಗ್ಲಾದೇಶದ ವೀಸಾಕ್ಕೆ ಆಗ ಭಾರತೀಯರಿಂದ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ, ಅರ್ಜಿ ಸ್ವೀಕರಿಸುವ ಏಜೆನ್ಸಿ ಇರುವಲ್ಲಿ ಅದರ ಸೇವಾಶುಲ್ಕ ಬೇರೆ. ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ಪ್ರತಿ ತೆಗೆದು, ಭಾವಚಿತ್ರ ಅಂಟಿಸಿ, ಬ್ಯಾಂಕಿನ ವಿವರ ಮತ್ತು ಹೋಟೆಲ್ ಬುಕಿಂಗ್ ಸೇರಿಸಿ ಕೊಡಬೇಕಿತ್ತು. ಉದ್ದೇಶದ ಕಲಮಿನಲ್ಲಿ ಏನು ಬರೆಯಬೇಕೆಂದು ನಾವು ಎರಡು ಸಂಜೆ ಚರ್ಚಿಸಿದೆವು. ಕೊನೆಗೆ 'ಪ್ರವಾಸ' ಎಂದೇ ಬರೆದು, 1971ರಲ್ಲಿ ಅಪ್ಪ ಎಲ್ಲಿದ್ದರು, ಈಗ ಯಾವ ಊರುಗಳನ್ನು ನೋಡಬೇಕೆಂದಿದ್ದಾರೆ ಎಂಬುದನ್ನು ಒಂದು ಪುಟದ ಪತ್ರದಲ್ಲಿ ವಿವರಿಸಿ ಲಗತ್ತಿಸಿದೆ. ಈ ಪತ್ರವನ್ನು ಯಾರೂ ಕಡ್ಡಾಯವೆಂದು ಹೇಳಿರಲಿಲ್ಲ. ಆದರೆ ಕೌಂಟರಿನಲ್ಲಿ ಅದನ್ನು ಓದಿದ ಅಧಿಕಾರಿ ಎದ್ದು ಹೊರಗೆ ಬಂದು, ಬೆಂಚಿನ ಮೇಲೆ ಕುಳಿತಿದ್ದ ಅಪ್ಪನಿಗೆ ಸಲಾಂ ಹೇಳಿ, ತಮ್ಮ ತಂದೆ ಆ ವರ್ಷ ಟಾಂಗೈಲ್‌ನ ಮುಕ್ತಿಯೋಧ ನಾಯಕ ಕಾದರ್ ಸಿದ್ದಿಕಿಯವರ ಪಡೆಯಲ್ಲಿದ್ದರು ಎಂದು ಹೇಳಿದರು. ಹಾಗೆಂದು ವೀಸಾ ಬೇಗ ಬರಲಿಲ್ಲ, ಎಲ್ಲರಿಗೂ ಹಿಡಿದಷ್ಟೇ ದಿನ ನಮಗೂ ಹಿಡಿಯಿತು. ರೈಲಿನಲ್ಲಿ ಹೋಗುವವರು ಪ್ರವೇಶಮಾರ್ಗದ ಜಾಗದಲ್ಲಿ ಗೇದೆ–ದರ್ಶನಾ ಎಂದು ಸ್ಪಷ್ಟವಾಗಿ ಬರೆಯಬೇಕಿತ್ತು, ಇಲ್ಲವಾದರೆ ಗಡಿಯಲ್ಲಿ ಪ್ರಶ್ನೆ ಏಳಬಹುದಿತ್ತು.

ದಿನ ಗೊತ್ತುಮಾಡುವಾಗ ಫೆಬ್ರವರಿ 21ನ್ನು ತಪ್ಪಿಸಿ. ಅದು ಅವರ ಭಾಷಾ ಹುತಾತ್ಮರ ದಿನ, ಢಾಕಾದಲ್ಲಿ ರಸ್ತೆಗಳು ಮುಚ್ಚಿರುತ್ತವೆ. ನಾವು ಶಿವರಾತ್ರಿ ಮುಗಿಸಿಕೊಂಡು 22ಕ್ಕೆ ಹೊರಟೆವು.

ಬೆಳಗಾವಿಯಿಂದ ಬೆಂಗಳೂರು, ಅಲ್ಲಿಂದ ಕೋಲ್ಕತ್ತ. ಅಲ್ಲಿಯ ಡಮ್‌ಡಮ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಪ್ಪ ಕಿಟಕಿಯಿಂದ ಬಹಳ ಹೊತ್ತು ಹೊರಗೆ ನೋಡುತ್ತಿದ್ದರು. 1971ರಲ್ಲಿ ಅವರ ಡಕೋಟಾ ವಿಮಾನ ಹೊರಟದ್ದು ಇಲ್ಲಿಂದಲೇ. ಕೋಲ್ಕತ್ತ–ಢಾಕಾ ನಡುವೆ ಆಗ ಓಡುತ್ತಿದ್ದ ಮೈತ್ರಿ ಎಕ್ಸ್‌ಪ್ರೆಸ್ಸಿನ (2024ರ ಜುಲೈನಲ್ಲಿ ಅದು ನಿಂತಿತು) ಟಿಕೆಟು ಆನ್‌ಲೈನಿನಲ್ಲಿ ಸಿಗುತ್ತಿರಲಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿ ಫೇರ್ಲಿ ಪ್ಲೇಸಿನ ಕೌಂಟರಿನಲ್ಲಿಯೋ ಚಿತ್ಪುರದ ಕೋಲ್ಕತ್ತ ಸ್ಟೇಷನ್ನಿನಲ್ಲಿಯೋ ಕೊಳ್ಳಬೇಕಿತ್ತು. ನಾನು ಬೆಳಿಗ್ಗೆ ಎಂಟಕ್ಕೆ ಸರದಿಯಲ್ಲಿ ನಿಂತೆ, ಟಿಕೆಟು ಕೈಗೆ ಬಂದಾಗ ಹನ್ನೊಂದೂವರೆ. ಆದ್ದರಿಂದ ಕೋಲ್ಕತ್ತದಲ್ಲಿ ಒಂದು ಪೂರ್ತಿ ದಿನ ಇಟ್ಟುಕೊಳ್ಳಬೇಕಿತ್ತು. ಹಿಂದಿರುಗುವ ಟಿಕೆಟಿಗೆ ಬಾಂಗ್ಲಾದೇಶದ ಪ್ರಯಾಣ ತೆರಿಗೆ ಸೇರುತ್ತಿದ್ದುದರಿಂದ ದರ ಸ್ವಲ್ಪ ಹೆಚ್ಚಿತ್ತು.

ರೈಲು ಬೆಳಿಗ್ಗೆ ಏಳರ ಹೊತ್ತಿಗೆ ಹೊರಡುತ್ತಿತ್ತು, ಆದರೆ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಚಿತ್ಪುರದಲ್ಲೇ ಮುಗಿಯಬೇಕಾದ್ದರಿಂದ ನಸುಕಿನಲ್ಲೇ ಅಲ್ಲಿರಬೇಕಾಯಿತು. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ, ಅದು ಒಳ್ಳೆಯದಾಯಿತು, ಏಕೆಂದರೆ ದೊಡ್ಡ ಚೀಲಗಳನ್ನು ತೆರೆಸಿ ಕಟ್ಟಿಸುವಷ್ಟರಲ್ಲಿ ಮಾತ್ರೆಯ ಹೊತ್ತು ಮೀರಿತ್ತು. ಅವರ ಮರೂನ್ ಬೆರೆಟ್ ಟೋಪಿಯನ್ನು ತರಬೇಡಿ ಎಂದು ನಾನೇ ಹೇಳಿದ್ದೆ. ಪರದೇಶದಲ್ಲಿ ಸೈನಿಕ ಚಿಹ್ನೆಯ ಉಡುಪು ಧರಿಸಿ ಓಡಾಡುವುದು ತೊಡಕಿನ ವಿಷಯ, ಸರಕಾರಿ ತಂಡದ ಮಾತು ಬೇರೆ. ಅವರು ಬಿಳಿ ಅಂಗಿ, ಧೋತರ ಮತ್ತು ಉಲ್ಲನ್ ಟೋಪಿಯಲ್ಲಿ ಬಂದರು.

ಇಡೀ ಪ್ರಯಾಣದಲ್ಲಿ ನಾನು ಊಹಿಸದೆ ಇದ್ದ ಗಳಿಗೆ ರೈಲಿನಲ್ಲಿಯೇ ಬಂತು. ಈ ರೈಲು ಪದ್ಮಾ ನದಿಯನ್ನು 1915ರ ಹಾರ್ಡಿಂಜ್ ಸೇತುವೆಯ ಮೇಲೆ ದಾಟಿ, ಜಮುನೆಯನ್ನು 1998ರಲ್ಲಿ ಆದ ಉದ್ದನೆಯ ಸೇತುವೆಯ ಮೇಲೆ ದಾಟಿ, ಢಾಕಾಕ್ಕೆ ಹೋಗುವ ಮೊದಲು ಟಾಂಗೈಲ್ ಜಿಲ್ಲೆಯ ನಡುವಿನಿಂದಲೇ ಹಾದುಹೋಗುತ್ತಿತ್ತು. 1971ರಲ್ಲಿ ಅಲ್ಲಿ ಹಳಿಯೇ ಇರಲಿಲ್ಲವಾದ್ದರಿಂದ ಅಪ್ಪನಿಗೂ ಇದು ತಿಳಿದಿರಲಿಲ್ಲ. ಜಮುನೆ ದಾಟಿದ ಸ್ವಲ್ಪ ಹೊತ್ತಿಗೆ ಎದುರಿಗೆ ಕುಳಿತಿದ್ದ ವ್ಯಾಪಾರಿಯೊಬ್ಬರು ಸಣ್ಣ ನದಿಯೊಂದನ್ನು ತೋರಿಸಿ "ಪುಂಗ್ಲಿ" ಎಂದರು. ಅಪ್ಪ ಎದ್ದು ನಿಂತರು. ನಡುವೆ ಯಾರೂ ಇಳಿಯುವಂತಿಲ್ಲದ ರೈಲು, ಬಾಗಿಲುಗಳು ಮುಚ್ಚಿದ್ದವು. ನೀರು, ಮರಳು, ಹಸಿರು ಗದ್ದೆ, ಇಟ್ಟಿಗೆ ಭಟ್ಟಿಯ ಹೊಗೆಕೊಳವೆ, ಎಲ್ಲವೂ ಒಂದು ನಿಮಿಷದಲ್ಲಿ ಹಿಂದೆ ಸರಿದವು. ಏಳು ತಿಂಗಳು ಕಾಯ್ದು ಬಂದ ಜಾಗವನ್ನು ನಾವು ಹಾಗೆ ದಾಟಿ ನೂರು ಕಿಲೋಮೀಟರ್ ಮುಂದೆ ಹೋದೆವು, ಮತ್ತೆ ಹಿಂದಿರುಗಿ ಬರುವುದಕ್ಕೆ. ಢಾಕಾ ಕಂಟೋನ್ಮೆಂಟ್ ಸ್ಟೇಷನ್ನಿನ ಇಮಿಗ್ರೇಷನ್ನಿನಲ್ಲಿ ಎರಡು ತಾಸು ನಿಂತಾಗಲೂ ಅಪ್ಪ ಮಾತನಾಡಲಿಲ್ಲ.

ಮರುದಿನ ಟಾಂಗೈಲ್‌ಗೆ ಹೊರಟೆವು. ಮಹಾಖಾಲಿ ಟರ್ಮಿನಲ್ಲಿನಿಂದ ಬಸ್ಸುಗಳಿವೆ, ಅಗ್ಗವೂ ಹೌದು, ಆದರೆ ಮೊಣಕಾಲು ನೋವಿನ ಮುದುಕರೊಂದಿಗೆ ಅದು ಬೇಡವೆನ್ನಿಸಿ ಎರಡು ದಿನಕ್ಕೆ ಕಾರು ಗೊತ್ತುಮಾಡಿದೆವು. ನೂರು ಕಿಲೋಮೀಟರಿಗೆ ನಾಲ್ಕು ತಾಸು ಹಿಡಿಯಿತು. ಊರೊಳಗಿನ ಓಡಾಟಕ್ಕೆ ಆಟೋ ಸಾಕು, ಅಲ್ಲಿ ಅದನ್ನು 'ಸಿಎನ್‌ಜಿ' ಎನ್ನುತ್ತಾರೆ, 'ಆಟೋ' ಎಂದರೆ ಬ್ಯಾಟರಿಯದನ್ನು ತೋರಿಸುತ್ತಾರೆ.

ಪುಂಗ್ಲಿಯ ಹತ್ತಿರದ ಚಹದ ಅಂಗಡಿಯಲ್ಲಿ ನಮ್ಮ ಚಾಲಕ ವಿಷಯ ಹೇಳುತ್ತಿದ್ದಂತೆ ಹತ್ತು ನಿಮಿಷದಲ್ಲಿ ಮೂವತ್ತು ಜನ ಸೇರಿದರು. ಅಪ್ಪನ ಮುರುಕು ಹಿಂದಿಯನ್ನು ಒಬ್ಬ ಶಾಲಾ ಮಾಸ್ತರರು ಬಂಗಾಳಿಗೆ ಮಾಡಿ ಹೇಳುತ್ತಿದ್ದರು. ಒಬ್ಬ ಮುದುಕರು, ಆ ಸಂಜೆ ಐದು ಸಾವಿರ ಜನ ಇಳಿದಿರಲ್ಲವೇ ಎಂದು ಕೇಳಿದರು. ಅಪ್ಪ ನಕ್ಕು, ಏಳುನೂರು ಚಿಲ್ಲರೆ ಎಂದರು. ಐದು ಸಾವಿರ ಎಂಬುದು ಆಗಿನ ಪತ್ರಿಕೆಗಳ ಲೆಕ್ಕ. ಇಡೀ ಬ್ರಿಗೇಡು ಇಳಿದಿದೆ ಎಂಬ ಸುದ್ದಿಯೊಂದಿಗೆ ಆಗ್ರಾದ ಅಭ್ಯಾಸದ ಚಿತ್ರ ಅಚ್ಚಾಗಿತ್ತು, ಢಾಕಾದಲ್ಲಿದ್ದ ಪಾಕಿಸ್ತಾನಿ ಸೇನಾಪತಿ ಜನರಲ್ ನಿಯಾಜಿಯವರ ಧೈರ್ಯ ಕುಂದಿಸುವುದರಲ್ಲಿ ಅದರ ಪಾಲೂ ಇತ್ತೆಂದು ಹೇಳುತ್ತಾರೆ. ಮುದುಕರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು, ಆಕಾಶ ತುಂಬಿತ್ತು, ತಾನೇ ಕಂಡಿದ್ದೇನೆ ಎಂದು ಎರಡು ಸಲ ಹೇಳಿದರು. ಅಪ್ಪ ವಾದಿಸಲಿಲ್ಲ.

ಸೇತುವೆಯ ಮೇಲೆ ಅಪ್ಪ ಉತ್ತರಕ್ಕೆ ಮುಖಮಾಡಿ ನಿಂತರು. ಅಂದಿನ ರಾತ್ರಿ ಆ ಕಡೆಯಿಂದ ಗಾಡಿಗಳ ದೀಪಗಳು ಸಾಲಾಗಿ ಬಂದದ್ದು, ಸೇತುವೆ ಕೈತಪ್ಪಿದೆ ಎಂಬುದು ಆ ಗಾಡಿಗಳಲ್ಲಿದ್ದವರಿಗೆ ತಿಳಿಯದೆ ಇದ್ದದ್ದು, ಇದನ್ನೆಲ್ಲ ಅವರು ಮನೆಯಲ್ಲಿ ಎಂದೂ ಇಷ್ಟು ಬಿಡಿಸಿ ಹೇಳಿರಲಿಲ್ಲ. "ಅವರೂ ಮನೀಗೇ ಹೊಂಟಿದ್ರು" ಎಂದಷ್ಟೇ ಹೇಳಿ ನಿಲ್ಲಿಸಿದರು. ನಾನು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಾಗ ಪೊಲೀಸರೊಬ್ಬರು ಬಂದು ಪಾಸ್‌ಪೋರ್ಟ್ ಕೇಳಿದರು. ಸೇತುವೆ, ರೈಲು ಹಳಿ ಇವುಗಳ ಚಿತ್ರ ತೆಗೆಯುವ ಮೊದಲು ಕೇಳಿಕೊಳ್ಳುವುದು ಎಲ್ಲ ದೇಶದಲ್ಲೂ ಕ್ಷೇಮ. ಮಾಸ್ತರರು ಮಾತನಾಡಿದ ಮೇಲೆ ಆ ಪೊಲೀಸರೇ ನಮ್ಮಿಬ್ಬರ ಚಿತ್ರ ತೆಗೆದುಕೊಟ್ಟರು.

ಆಮೇಲೆ ಹೊಂಡದ ಹುಡುಕಾಟ. ಅಪ್ಪನ ನೆನಪಿನಲ್ಲಿದ್ದದ್ದು ಕೊಯ್ಲಾದ ಬಯಲು, ಅಲ್ಲಲ್ಲಿ ಬಾಳೆ, ಬಿದಿರ ಮೆಳೆ. ಫೆಬ್ರವರಿಯಲ್ಲಿ ಅಲ್ಲಿ ಬೋರೋ ಭತ್ತದ ನಾಟಿ ಮುಗಿದು ಕಣ್ಣು ಹಾಯುವವರೆಗೂ ಹಸಿರು. ಅಲ್ಲಿ ಪ್ರತಿ ಮನೆಗೂ ಒಂದು ಹೊಂಡವಿದೆ, ಏಕೆಂದರೆ ಮನೆಯ ಅಡಿಪಾಯ ಎತ್ತರಿಸಲು ಮಣ್ಣು ಅಗೆದಲ್ಲೆಲ್ಲ ಹೊಂಡವಾಗುತ್ತದೆ. ಎಷ್ಟೋ ಹಳೆಯವು ತುಂಬಿಹೋಗಿವೆ, ಎಷ್ಟೋ ಹೊಸವು ಆಗಿವೆ. ನಾಲ್ಕು ತಾಸಿನಲ್ಲಿ ಒಂಬತ್ತು ಹೊಂಡ ನೋಡಿದೆವು. ಪ್ರತಿಯೊಂದರ ದಂಡೆಯಲ್ಲೂ ಇದೇ ಇರಬೇಕು ಎನ್ನುವವರು ಇದ್ದರು, ಏಕೆಂದರೆ ಪ್ರತಿ ಮನೆಯವರಿಗೂ ಒಬ್ಬ ಜಿಗಿದವನ ಕಥೆ ಇತ್ತು. ಬಿದಿರುಗಳದ ಮನುಷ್ಯನ ಹೆಸರು ಅಪ್ಪನಿಗೆ ಗೊತ್ತಿರಲಿಲ್ಲ. ಆಗಲೇ ನಲವತ್ತು ದಾಟಿದ್ದವನು ಎಂದರೆ ಈಗ ಇರುವ ಸಾಧ್ಯತೆಯೂ ಕಡಿಮೆ. ಹಳೆಯ ನಕಾಶೆಯನ್ನೋ ಪಲ್ಟನ್ನಿನ ಟಿಪ್ಪಣಿಯನ್ನೋ ಮೊದಲೇ ನೋಡಿಕೊಂಡು ಬಂದಿದ್ದರೆ ಹುಡುಕುವ ಸೀಮೆಯಾದರೂ ಕಿರಿದಾಗುತ್ತಿತ್ತು, ಆ ಬುದ್ಧಿ ನನಗೆ ಅಲ್ಲಿ ನಿಂತಾಗ ಬಂತು.

ಒಂಬತ್ತನೆಯ ಹೊಂಡದ ಹತ್ತಿರ ಅಪ್ಪನ ಕಾಲು ಸೋತಿತು. ಮನೆಯ ಹೆಣ್ಣುಮಗಳು ಕುರ್ಚಿ ತಂದಿಟ್ಟು ಮಂಡಕ್ಕಿ, ಬೆಲ್ಲ ಕೊಟ್ಟಳು. ಬಾತುಕೋಳಿಗಳು ಈಜುತ್ತಿದ್ದವು. ಇನ್ನೂ ಪೂರ್ವಕ್ಕೆ ಎರಡು ಹೊಂಡ ಇವೆಯೆಂದು ಮಾಸ್ತರರು ಹೇಳಿದಾಗ ಅಪ್ಪ ಬೇಡವೆಂದು ತಲೆಯಾಡಿಸಿ, ಚಪ್ಪಲಿ ಕಳಚಿ, ನನ್ನ ಕೈಹಿಡಿದು ಇಳಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. "ಇದ ಇರ್ಲಿ ತಗೋ, ಯವ್ವಾ" ಎಂದರು. ಆ ಮೇಲೆ ಹಿಂತಿರುಗಿ ಆ ಹೆಣ್ಣುಮಗಳಿಗೆ ಊರಿನಿಂದ ತಂದಿದ್ದ ಕುಂದಾದ ಡಬ್ಬಿಯನ್ನು ಕೊಟ್ಟರು. ಅದು ಬಿದಿರುಗಳದವನ ಮನೆಯವರಿಗೆಂದು ತಂದದ್ದು. ಆಕೆ ಯಾಕೆಂದು ಕೇಳಲಿಲ್ಲ. ಅಂದು ಸಂಜೆ ಮಾಸ್ತರರು ನಮಗೆ ಪೊಡಾಬಾರಿಯ ಚಮ್‌ಚಮ್ ಕೊಡಿಸಿದರು, ಅಪ್ಪ ಸಕ್ಕರೆ ಕಾಯಿಲೆಯನ್ನು ಮರೆತು ಎರಡು ತಿಂದರು.

ಢಾಕಾಕ್ಕೆ ಮರಳುವಾಗ ಚಾಲಕನಿಗೆ ಹೇಳಿ ಚಂದ್ರಾ, ನವೀನಗರ, ಸಾವರ್ ಮೂಲಕ ಬಂದೆವು, 1971ರಲ್ಲಿ ಪಲ್ಟನ್ನು ಹಿಡಿದ ದಾರಿ ಅದು. ತುರಾಗ್ ನದಿಯ ಮೀರ್ಪುರ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಟ್ರಾಫಿಕ್ಕು ನಿಂತುಬಿಟ್ಟಿತು. 1971ರಲ್ಲಿ ಭಾರತದ ಮೇಜರ್ ಜನರಲ್ ನಾಗ್ರಾ ಅವರು ನಿಯಾಜಿಗೆ ತಾನು ಇಲ್ಲಿಗೆ ಬಂದಿದ್ದೇನೆ ಎಂದು ಚೀಟಿ ಕಳಿಸಿದ್ದು ಈ ಸೇತುವೆಯಿಂದ. ಅಂದು ಇದನ್ನು ದಾಟಲು ಇಷ್ಟು ಹೊತ್ತು ಹಿಡಿಯಲಿಲ್ಲ ಎಂದು ಅಪ್ಪ ಹೇಳಿದರು. ಪಾಕಿಸ್ತಾನಿ ಸೇನೆಯ ಶರಣಾಗತಿ ನಡೆದ ಅಂದಿನ ರೇಸ್‌ಕೋರ್ಸ್ ಮೈದಾನ ಈಗ ಸುಹ್ರವರ್ದಿ ಉದ್ಯಾನ. ಫೆಬ್ರವರಿ ಪೂರ್ತಿ ಅಲ್ಲಿ ಪುಸ್ತಕ ಮೇಳ ನಡೆಯುತ್ತದೆಂಬುದು ನನಗೆ ತಿಳಿದಿರಲಿಲ್ಲ. ನೂಕುನುಗ್ಗಲಿನಲ್ಲಿ ಅಪ್ಪನನ್ನು ಒಳಗೆ ನಡೆಸಿಕೊಂಡು ಹೋಗಲು ಆಗದೆ ಗೇಟಿನ ಬಳಿಯ ಕಟ್ಟೆಯ ಮೇಲೆ ಕೂರಿಸಿದೆ. ಮೈದಾನವನ್ನು ನಿಧಾನವಾಗಿ ನೋಡಬೇಕೆನ್ನುವವರಿಗೆ ಜನವರಿ ಒಳ್ಳೆಯದು. ಆಗರ್‌ಗಾಂವ್‌ನ ವಿಮೋಚನಾ ಯುದ್ಧ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಬೇಕು, ಒಳಗೆ ಲಿಫ್ಟ್ ಇದೆ.

ಖರ್ಚಿನ ಲೆಕ್ಕವನ್ನು ಅಪ್ಪ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ: ಪಾಸ್‌ಪೋರ್ಟಿನಿಂದ ಹಿಡಿದು ಮನೆ ಸೇರುವವರೆಗೆ ಇಬ್ಬರಿಗೂ ಸೇರಿ 78 ಸಾವಿರ ರೂಪಾಯಿಯ ಹತ್ತಿರ. ಅರ್ಧಕ್ಕಿಂತ ಹೆಚ್ಚು ವಿಮಾನದ ಟಿಕೆಟ್ಟು ಮತ್ತು ಕಾರಿನ ಬಾಡಿಗೆಗೆ ಹೋಯಿತು. ಕೋಲ್ಕತ್ತದವರೆಗೆ ರೈಲಿನಲ್ಲಿ ಹೋಗಿದ್ದರೆ ಬಹಳ ಉಳಿಯುತ್ತಿತ್ತು, ಆದರೆ ಆ ಮೊಣಕಾಲಿಗೆ ಅದು ಆಗುವ ಮಾತಲ್ಲ. ಪಿಂಚಣಿ ದಾಖಲೆಯ 'ರಾವ್' ತೆಗೆದು 'ಅಪ್ಪ' ಸೇರಿಸಲು ಕೊಟ್ಟ ಅರ್ಜಿ ಇನ್ನೂ ಬಾಕಿ ಇದೆ.

ಹೋದ ಭಾನುವಾರ ನಿಪ್ಪಾಣಿ ಕಡೆಯ ಅಪ್ಪನ ಪಲ್ಟನ್ನಿನ ಸ್ನೇಹಿತರು ಫೋನ್ ಮಾಡಿ ತಮಗೂ ಹೋಗಬೇಕಾಗಿದೆ, ಮೊದಲು ಏನು ಮಾಡಬೇಕು ಎಂದು ಕೇಳಿದರು. ಅಪ್ಪ ಆಧಾರ್ ತೆಗೆದು ಹುಟ್ಟಿದ ದಿನ ಓದಲು ಹೇಳಿದರು. ಅಲ್ಲಿಯೂ ಜನವರಿ 1 ಎಂದೇ ಇದೆಯಂತೆ. ಬರುವ ಸೋಮವಾರ ಅವರ ಊರಿನ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ತೆಗೆಸಲು ಅಪ್ಪನೇ ಹೊರಟಿದ್ದಾರೆ.